ಎಡಗೈಯವನು ಡಲ್ಲಾಸ್‌ಗೆ ಹೋಗುತ್ತಾನಂತೆ

ದಿನಚರಿ ಬರೆಯುವವರಿಗೆ ಒಂದು ಭ್ರಮೆ ಇರುತ್ತದೆ. ತಾರೀಖು ಹಾಕಿ, ಅಡಿಗೆರೆ ಎಳೆದು ಬರೆದುಬಿಟ್ಟರೆ ಸುಳ್ಳಿಗೂ ನಾಚಿಕೆಯಾಗಿ ಅದು ನಿಜವಾಗಿಬಿಡುತ್ತದೆ ಎಂಬ ಭ್ರಮೆ. ನನಗಂತೂ ಬಲವಾಗಿಯೇ ಇತ್ತು. ನಾನು ಹುಟ್ಟಾ ಎಣಿಸುವವಳು. ಅಮೆರಿಕದ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನ ಮನೆಯಿಂದ ಮೆಡಿಕಲ್ ಸೆಂಟರ್‌ನ ಆಫೀಸಿಗೆ ಡ್ರೈವ್ ಮಾಡುವಾಗ ಎಷ್ಟು ಕೆಂಪು ದೀಪ ಸಿಕ್ಕಿತು, ವಾರಕ್ಕೆ ಎಷ್ಟು ಸಲ ಉಪ್ಪಿಟ್ಟು ಮಾಡಿದೆ, ಅಮ್ಮ ಫೋನಿನಲ್ಲಿ ಎಷ್ಟು ಸಲ ಮದುವೆಯ ಮಾತೆತ್ತಿದಳು, ಎಲ್ಲವೂ ನೋಟ್‌ಬುಕ್ಕಿನಲ್ಲಿದೆ. ಅಮ್ಮನ ಅಂಕಣ ತುಂಬಿ ಪಕ್ಕದ ಉಪ್ಪಿಟ್ಟಿನ ಅಂಕಣಕ್ಕೂ ಹರಿದಿದೆ.

ಇಂಥವಳಿಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಆಡುವುದಕ್ಕಿಂತ ಹೆಚ್ಚಾಗಿ ಬರೆದುಕೊಳ್ಳುವ ಆಟ. ಹಿಡಿಸಿದವರು ಪಕ್ಕದ ಮನೆಯ ವಾಮನ್ ಅಂಕಲ್. ಧಾರವಾಡದವರು, ನಿವೃತ್ತ ಡಾಕ್ಟರು, ಇಂದಿಗೂ ಪಿಚರನನ್ನು ‘ಬೌಲರ್’ ಎಂದೇ ಕರೆಯುವವರು. ಅವರು ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್‌ಗಳ ಕನ್ನಡಿಗರನ್ನು ಸೇರಿಸಿ ಫೋನಿನಲ್ಲೊಂದು ಗುಂಪು ಕಟ್ಟಿದ್ದಾರೆ. ಅಲ್ಲಿ ಆಟದ ಮಾತು ಕಡಿಮೆ, ವದಂತಿ ಜಾಸ್ತಿ. ಯಾರ ಮೊಣಕೈ ನೋಯುತ್ತಿದೆ, ಯಾರು ಕೋಚ್ ಜೊತೆ ಮಾತು ಬಿಟ್ಟಿದ್ದಾರೆ, ಯಾರನ್ನು ಯಾವ ತಂಡಕ್ಕೆ ಕೊಟ್ಟುಬಿಡುತ್ತಾರೆ. ಬೇಸಿಗೆಯ ನಡುವೆ ಒಂದು ಗಡುವು ಇರುತ್ತದೆ, ಅಷ್ಟರೊಳಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಗಡುವು ಹತ್ತಿರವಾದಂತೆ ನಮ್ಮ ಗುಂಪು ಮದುವೆ ಮನೆಯ ಅಡುಗೆ ಚಪ್ಪರದ ಹಾಗಾಗುತ್ತದೆ. ಎಲ್ಲರಿಗೂ ಎಲ್ಲವೂ ಗೊತ್ತು, ಹೇಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಈ ಅರಾಜಕತೆಯನ್ನು ಸಹಿಸಲಾಗದೆ ನಾನೊಂದು ವದಂತಿ ಪುಸ್ತಕ ತೆರೆದೆ. ತಾರೀಖು, ಹೇಳಿದವರು, ಊರು, ಕೊನೆಗೆ ನಿಜವೋ ಸುಳ್ಳೋ. ಒಂದೇ ಸುದ್ದಿ ಮೂರೂ ಊರುಗಳಿಂದ ಬಂದರೆ ಕೆಂಪು ಶಾಯಿಯಲ್ಲಿ ‘ಖಚಿತ’ ಎಂದು ಬರೆದು, ಪುಟದ ಫೋಟೋ ತೆಗೆದು ಗುಂಪಿಗೆ ಹಾಕುವುದು ನನ್ನ ನಿಯಮ. ಗುಂಪು ನನ್ನನ್ನು ‘ಶಾನುಭೋಗರು’ ಎನ್ನತೊಡಗಿತು. ನಾನು ಹಿಗ್ಗಿ ಒಳ್ಳೆಯ ಪೆನ್ನು ಕೊಂಡೆ.

ಈ ಬೇಸಿಗೆಯಲ್ಲಿ ಆ ಪೆನ್ನಿನಿಂದ ಬರೆದ ಮೊದಲ ಖಚಿತ ಸುದ್ದಿ: ನಮ್ಮ ಹ್ಯೂಸ್ಟನ್ ತಂಡದ ಎಡಗೈ ಪಿಚರ್ ಡಲ್ಲಾಸ್ ತಂಡಕ್ಕೆ ಹೋಗುತ್ತಾನೆ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಚೇತನ್ ಹೇಳಿದ. ಡಲ್ಲಾಸ್‌ನ ಪಲ್ಲವಿ ಹೇಳಿದಳು. ಎಲ್ಲಕ್ಕಿಂತ ಮುಖ್ಯವಾಗಿ, ‘ಹ್ಯೂಸ್ಟನ್ ಮೆಡಿಕಲ್ ಸೆಂಟರ್‌ನಲ್ಲಿ ಕೆಲಸ ಮಾಡುವವರೊಬ್ಬರ ಬಾಯಿಂದಲೇ ಬಂದದ್ದು’ ಎಂದೂ ಪಲ್ಲವಿ ಸೇರಿಸಿದಳು. ಆಟಗಾರರ ಭುಜ, ಮೊಣಕೈ ಪರೀಕ್ಷೆಯಾಗುವುದು ಆಸ್ಪತ್ರೆಯಲ್ಲಿ ತಾನೆ? ಮೂರು ಊರು, ಅದರಲ್ಲೂ ಒಂದು ವೈದ್ಯಕೀಯ ಮೂಲ. ಕೆಂಪು ಶಾಯಿ ಬಳಸಿ ಫೋಟೋ ಹಾಕಿದೆ.

ಎರಡು ದಿನಕ್ಕೆ ವಾಮನ್ ಅಂಕಲ್ ಅವರ ಮನೆಯಿಂದ ಸುಮಿತ್ರಾ ಆಂಟಿಯ ಫೋನು. ಅವರು ಮೈಸೂರಿನವರು, ದನಿ ಎತ್ತುವವರಲ್ಲ. ಅಂದು ಎತ್ತಿದ್ದರು.

“ಏನಮ್ಮಾ ಮೇಧಾ, ಏನು ಬರೆದು ಹಾಕಿದ್ದೀಯ? ನಿಮ್ಮ ಅಂಕಲ್ ಟೀವಿ ಆರಿಸಿಬಿಟ್ಟಿದ್ದಾರೆ. ಇನ್ನು ಬೇಸ್‌ಬಾಲ್ ನೋಡಲ್ಲವಂತೆ. ಸ್ಟೂಲ್ ಹಾಕ್ಕೊಂಡು ಅಡುಗೆಮನೇಲಿ ಕೂತು ನನ್ನನ್ನೇ ನೋಡ್ತಿದ್ದಾರೆ. ಸೌಟು ಹಿಡಿಯೋ ರೀತಿ ಸರಿ ಇಲ್ಲವಂತೆ, ಒಗ್ಗರಣೆ ಅರ್ಧ ಸೆಕೆಂಡ್ ಲೇಟಂತೆ. ಮದುವೆಯಾದಾಗಿನಿಂದ ನನ್ನ ಅಡುಗೆ ಬಗ್ಗೆ ಒಂದು ಮಾತಾಡಿದ ಮನುಷ್ಯ ಅಲ್ಲ ಕಣೇ! ಏನಾದ್ರೂ ಮಾಡು!”

ನಗು ಬಂತು. ಆದರೆ ಅಂಕಲ್ ಒಮ್ಮೆ ಹೇಳಿದ್ದು ನೆನಪಾಗಿ ನಿಂತೂ ಹೋಯಿತು. ಅವರು ಎಡಚರು. ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಶಾಲೆಯಲ್ಲಿ ಗೆಣ್ಣಿಗೆ ಏಟು, ಪಂಕ್ತಿಯಲ್ಲಿ ಅದೇ ಕೈ ಎಲೆಯ ಮೇಲೆ ಹೋಗಿದ್ದಕ್ಕೆ ಸೋದರತ್ತೆಯ ಬೈಗುಳ. “ಎಡಗೈಗೆ ಜಗತ್ತಿನಾಗ ಮರ್ಯಾದಿ ಸಿಕ್ಕದ್ದು ಇದೊಂದ ಆಟದಾಗ ನೋಡವಾ” ಎಂದಿದ್ದರು. ಆ ಪಿಚರ್ ಚೆಂಡೆಸೆದಾಗಲೆಲ್ಲ ಸೋಫಾದ ಮೇಲೆ ಅವರ ಎಡಗೈಯೂ ಸಣ್ಣಗೆ ತಿರುಗುತ್ತಿತ್ತು. ಅವನು ಹೋಗುವುದಲ್ಲದೆ, ಬೇರೆಲ್ಲೂ ಅಲ್ಲದೆ ನಮ್ಮ ಬದ್ಧ ಎದುರಾಳಿ ಡಲ್ಲಾಸ್‌ಗೆ!

ಆ ವೈದ್ಯಕೀಯ ಮೂಲವನ್ನೇ ಹಿಡಿದು ಇನ್ನಷ್ಟು ವಿಚಾರಿಸೋಣವೆಂದು ಪಲ್ಲವಿಗೆ ಫೋನ್ ಮಾಡಿದೆ. ಅವಳಿಗೆ ಹೇಳಿದವನು ಚೇತನ್. ಚೇತನ್‌ಗೆ ಫೋನ್ ಮಾಡಿ, “ನಿನಗೆ ಯಾರು ಹೇಳಿದ್ದು ಮಾರಾಯ?” ಅಂದೆ.

“ಯಾರೇನು, ನೀನೇ ಅಲ್ವೇನೇ?”

“ನಾನಾ?”

“ಅವತ್ತು ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಫೋನ್ ಮಾಡಿದ್ದೆಯಲ್ಲ. ‘ಇವನು ಡಲ್ಲಾಸ್‌ಗೇ ಹೋಗೋದು ನೋಡ್ತಿರು’ ಅಂದೆ. ಮೆಡಿಕಲ್ ಸೆಂಟರ್‌ನವಳು ಹೇಳ್ತಿದ್ದಾಳೆ, ಏನೋ ಗೊತ್ತಿರುತ್ತೆ ಅಂತ ಪಲ್ಲವಿಗೆ ಹೇಳಿದೆ.”

ಅಂದರೆ ನನ್ನದೇ ಒಂದು ಗೊಣಗಾಟ ಆಸ್ಟಿನ್, ಡಲ್ಲಾಸ್ ಸುತ್ತಿಕೊಂಡು ಬಂದು ನನ್ನ ಮನೆಯ ಬಾಗಿಲನ್ನೇ ತಟ್ಟಿತ್ತು. ನಾನು ಗುರುತು ಹಿಡಿಯದೆ ಒಳಗೆ ಕರೆದು, ಮೂರು ಸಲ ಎಣಿಸಿ, ಕೆಂಪು ಶಾಯಿ ಕೊಟ್ಟು ಕೂರಿಸಿದ್ದೆ. ನಾನು ನಿಜವಾಗಿ ಕೂತು ಕೆಲಸ ಮಾಡುವುದು ಆಸ್ಪತ್ರೆಯ ಪಾರ್ಕಿಂಗ್ ಪಾಸ್ ಕೊಡುವ ವಿಭಾಗದಲ್ಲಿ.

ಶನಿವಾರ ಬೆಳಿಗ್ಗೆ ಶಾನುಭೋಗಿಕೆಯನ್ನು ಮನಸ್ಸಿನಲ್ಲೇ ತೊರೆದು ಅಂಕಲ್ ಮನೆಗೆ ಹೋದೆ. ಅವರು ಸ್ಟೂಲಿನ ಮೇಲಿದ್ದರು. ಆಂಟಿ ದೋಸೆ ಹುಯ್ಯುತ್ತಿದ್ದರು, ಬೆನ್ನು ತಿರುಗಿಸಿಕೊಂಡು, ಬಿಗಿಯಾಗಿ.

“ಅಂಕಲ್, ಎಡಗೈಯವನ ಸುದ್ದಿ ಮೊದಲು ಹೇಳಿದ್ದು ನಾನೇ. ಸುಮ್ಮನೆ ಬಾಯಿಗೆ ಬಂದದ್ದು ಅಂದಿದ್ದೆ. ಅದೇ ಸುತ್ತಿ ವಾಪಸ್ ಬಂತು, ನನಗೆ ಗೊತ್ತಾಗಲಿಲ್ಲ.”

ಅಂಕಲ್ ಕನ್ನಡಕ ತೆಗೆದರು. “ಬ್ಯಾರೆ ಯಾರೂ ಹೇಳಿಲ್ಲೇನು?”

“ಇಲ್ಲ.”

“ಬರೇ ನೀನೊಬ್ಬಾಕಿನ?”

“ನಾನೊಬ್ಬಳೇ ಅಂಕಲ್. ಸಾರಿ.”

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಂಕಲ್ ಸ್ಟೂಲಿನಿಂದ ಹಾರಿದರು. “ಏ ಸುಮಿತ್ರಾ, ಕೇಳಿದ್ಯೇನ? ಈಕಿ ಹೇಳಿದ್ದಂತ! ಹಂಗಂದ್ರ ಆಂವ ಎಲ್ಲೂ ಹೋಗೂದಿಲ್ಲ ಬಿಡು! ಹೋದ ವರ್ಷ ಕ್ಯಾಚರ್ ಹೋಗ್ತಾನಂದ್ಲು, ಇಲ್ಲೇ ಅದಾನ. ಕೋಚ್ ಉಳೀತಾನಂದ್ಲು, ಎಂಟ ದಿನಕ್ಕ ಹ್ವಾದ. ಈಕಿ ಬಾಯಾಗಿಂದ ಬಂದದ್ದು ಒಂದರ ಖರೇ ಆಗೇದೇನು?”

“ಒಂದೂ ಇಲ್ಲ!” ಎಂದರು ಆಂಟಿ, ಕಣ್ಣಲ್ಲಿ ನೀರು ಬರುವಷ್ಟು ಸಂತೋಷದಿಂದ. ನನ್ನ ಅಯೋಗ್ಯತೆಯನ್ನು ಇಷ್ಟು ಪ್ರೀತಿಯಿಂದ ಯಾರೂ ಸ್ವಾಗತಿಸಿರಲಿಲ್ಲ. ಟೀವಿ ಹತ್ತಿತು, ಸ್ಟೂಲು ಗ್ಯಾರೇಜಿಗೆ ಹೋಯಿತು, ನನಗೆ ಗರಿಗರಿಯಾದ ನಾಲ್ಕು ದೋಸೆ ಬಿತ್ತು. ತಪ್ಪೊಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಹೊಟ್ಟೆಯೂ ತುಂಬುತ್ತದೆಂದು ಯಾರೂ ಹೇಳಿರಲಿಲ್ಲ.

ಗಡುವಿನ ದಿನ ಬಂತು. ಎಡಗೈಯವನು ಹೋದನೆಂಬ ಸುದ್ದಿ ಎಲ್ಲೂ ಇರಲಿಲ್ಲ. ಇನ್ನೊಂದು ಗಂಟೆ ಉಳಿದಿದೆ ಎನ್ನುವಾಗ ಅಂಕಲ್ ಫೋನ್ ಮಾಡಿದರು.

“ಮೇಧಾ, ನಿನಗ ಏನನಸ್ತದವಾ? ಹೋಗ್ತಾನೋ, ಇರ್ತಾನೋ?”

ಆ ಹೊತ್ತಿಗೆ ಅವನು ಇಲ್ಲೇ ಇರುತ್ತಾನೆಂದು ನನಗೆ ಪೂರ್ತಿ ನಂಬಿಕೆಯಾಗಿತ್ತು. ಕಾರಣಗಳನ್ನು ಕ್ರಮವಾಗಿ ಬರೆದೂ ಇಟ್ಟಿದ್ದೆ. ಆದರೆ ಬಾಯಿ ಬಿಟ್ಟು ಹೇಳಲು ಧೈರ್ಯ ಬರಲಿಲ್ಲ.

“ಹೋಗ್ತಾನೆ ಅಂಕಲ್,” ಎಂದೆ. “ಗ್ಯಾರಂಟಿ.”

“ಅಬ್ಬಾ!” ಎಂದು ಅಂಕಲ್ ನೆಮ್ಮದಿಯ ಉಸಿರುಬಿಟ್ಟು ಫೋನಿಟ್ಟರು.