ಹೊನ್ನಯ್ಯನ ಉರಿ

ಬದಿಯಡ್ಕದ ಟೈಲರ್ ಹೊನ್ನಯ್ಯನಿಗೆ ವರ್ಷದಲ್ಲಿ ಮೂರನೆಯ ಸಲ ಉರಿಮೂತ್ರ ಶುರುವಾಯಿತು. ಹಿಂದಿನ ಎರಡು ಸಲವೂ ಪಕ್ಕದ ಮನೆಯ ಸತ್ಯವತಿ, ತನ್ನ ತಮ್ಮ ಗಲ್ಫಿನಿಂದ ತಂದ ಮಾತ್ರೆಗಳನ್ನು ಬೇಲಿಯ ಮೇಲಿಂದ ದಾಟಿಸಿದ್ದಳು. ಎರಡು ದಿನ ನುಂಗುವುದು, ಉರಿ ತಗ್ಗಿದ ಕೂಡಲೇ ನಿಲ್ಲಿಸುವುದು, ಉಳಿದದ್ದನ್ನು ಇನ್ನೊಬ್ಬರಿಗಾಗಲಿ ಎಂದು ಮರಳಿಸುವುದು. ಮದ್ದನ್ನು ದಂಡ ಮಾಡಬಾರದೆಂಬುದು ಆ ನೆರೆಕರೆಯ ಧರ್ಮ.

ಈ ಸಲ ಉರಿ ಮಾತ್ರೆಗೆ ಜಗ್ಗಲಿಲ್ಲ. ಹೊನ್ನಯ್ಯ ಲ್ಯಾಬಿನ ಮೆಟ್ಟಿಲು ಹತ್ತಿದ. ವರದಿ ಬಂದ ದಿನ ಲ್ಯಾಬಿನ ಅಕ್ಷಯಾ ಒಂದು ಗಾಜಿನ ತಟ್ಟೆ ಎತ್ತಿ ತೋರಿಸಿದಳು. ಅದರಲ್ಲಿ ಮದ್ದಿನ ಬಿಳಿ ಬಿಲ್ಲೆಗಳು. ರೋಗಾಣುಗಳು ಪಾಚಿಯ ಹಾಗೆ ಹಬ್ಬಿ ಬಿಲ್ಲೆಗಳಿಗೇ ತಾಗಿ ನಿಂತಿದ್ದವು.

"ಮದ್ದಿಗೆ ಹೆದರಿದ್ರೆ ಬಿಲ್ಲೆಯ ಸುತ್ತ ಜಾಗ ಬಿಟ್ಟು ನಿಲ್ತವೆ. ಇವು ಎಂತಕ್ಕೂ ಹೆದರುದಿಲ್ಲ. ಅರ್ಧರ್ಧ ಮದ್ದು ತಿಂದು ನೀವೇ ಪಳಗಿಸಿದ್ದು. ಇನ್ನು ಇವಕ್ಕೆ ನಾಟುದು ಒಂದೇ ಇಂಜೆಕ್ಷನ್. ಮಂಗಳೂರಲ್ಲಿ ಅಡ್ಮಿಟ್ ಆಗ್ಬೇಕಂತೆ, ಡಾಕ್ಟ್ರು ಹೇಳಿದ್ದಾರೆ."

ದಿನವಿಡೀ ಸೂಜಿ ಹಿಡಿಯುವ ಹೊನ್ನಯ್ಯನಿಗೆ ತನ್ನ ಮೈಗೆ ಸೂಜಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ಆ ತಟ್ಟೆ ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವನು ಮನೆಗೆ ಓಡಿದ.

"ರೋಗಾಣುವೂ ಅಲ್ಲ, ಎಂತದೂ ಅಲ್ಲ ಹೊನ್ನಯ್ಯಣ್ಣ," ಎಂದಳು ಸತ್ಯವತಿ. "ಮೊನ್ನೆ ಮುಸ್ಸಂಜೆ ಉರಿ ತಡೀಲಿಕ್ಕಾಗದೆ ನೀವು ಗುಳಿಗನ ಕಲ್ಲಿನ ಹತ್ರ ಮೂತ್ರಕ್ಕೆ ಕೂತದ್ದು ನಾನೇ ನೋಡಿದ್ದೇನೆ!"

ಹೊನ್ನಯ್ಯನಿಗೆ ಹೋದ ಜೀವ ಬಂದಂತಾಯಿತು. ಗುಳಿಗನಾದರೆ ಪರವಾಗಿಲ್ಲ, ಕೋಳಿ ಕೊಟ್ಟು ಕೇಳಿದರೆ ಬಿಡುವ ದೈವ. ಸಂಜೆಯೊಳಗೆ ನೆರೆಕರೆಯವರೇ ಕೋಳಿ ಹೊಂದಿಸಿದರು, ದೈವ ಮೈಮೇಲೆ ಬರುವ ಪಾತ್ರಿ ಕುಂಞನನ್ನೂ ಕರೆತಂದರು.

ಕತ್ತಲು ಕವಿಯುವ ಹೊತ್ತು. ಗುಳಿಗನ ಕಲ್ಲಿನ ಪಕ್ಕ, ಕಾಸರಕನ ಮರದಡಿ ಪಂಜು ಉರಿಯುತ್ತಿತ್ತು. ಕುಂಞನ ಮೈ ನಡುಗತೊಡಗಿದಂತೆ ಜೀರುಂಡೆಗಳೂ ಸುಮ್ಮನಾದವು. ಹೊನ್ನಯ್ಯ ಅಡ್ಡಬಿದ್ದ. "ತಪ್ಪಾಯ್ತು, ಬಿಟ್ಟುಬಿಡಬೇಕು!"

ದೈವ ಅವನನ್ನು ನೋಡಿತು, ಕೋಳಿಯನ್ನು ನೋಡಿತು. ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಹೇಳಿತು: "ನಾನಾಗಿದ್ದರೆ ಒಂದು ಕೋಳಿಗೆ ಬಿಡುತ್ತಿದ್ದೆ. ಇದು ನಾನಲ್ಲ. ನಿನ್ನೊಳಗೆ ಕೂತದ್ದಕ್ಕೆ ನನ್ನ ಹೆದರಿಕೆಯೂ ಇಲ್ಲ."

ಅಷ್ಟರಲ್ಲಿ ಪಾತ್ರಿ ಹೊಟ್ಟೆ ಹಿಡಿದು ಮರದ ಹಿಂದಕ್ಕೆ ನುಗ್ಗಿದ. ಕತ್ತಲಿನಿಂದ ಒಂದು ನರಳಾಟ ಎದ್ದಿತು. ದೈವದ ಕೋಪವೆಂದು ಎಲ್ಲರೂ ಕೈಮುಗಿದರು. ಹೊನ್ನಯ್ಯನಿಗೆ ಮಾತ್ರ ಗುರುತು ಸಿಕ್ಕಿತು: ಅದು ಪ್ರತಿ ಬೆಳಿಗ್ಗೆ ಅವನೇ ನರಳುವ ದನಿ.

ಮೆಲ್ಲನೆ ಹೋಗಿ ಇಣುಕಿದ. ಆವೇಶ ಇಳಿದ ಕುಂಞ ಮರ ತಬ್ಬಿ ಬೆವರುತ್ತಿದ್ದ.

"ನೀನು ಬಿಟ್ಟ ಮಾತ್ರೆಯನ್ನೇ ಸತ್ಯವತಿಯಕ್ಕ ನನಗೆ ಕೊಟ್ಟದ್ದು ಮಾರಾಯ. ಎಂತ ಮಾಡಿದ್ರೂ ಹೋಗುದಿಲ್ಲ ಇದು. ಆ ಇಂಜೆಕ್ಷನ್ನಿಗೆ ನಾನೂ ಬರ್ತೇನೆ. ಬಸ್ಸು ಯಾವಾಗ?"

ಆಚೆಯಿಂದ ಸತ್ಯವತಿ ನಡುಗುತ್ತ ಕೂಗಿದಳು: "ಹೊನ್ನಯ್ಯಣ್ಣ, ದೈವ ಎಂತ ಕೇಳ್ತಾ ಉಂಟು?"

"ಮಂಗಳೂರಿಗೆ ಫಸ್ಟ್ ಬಸ್ ಎಷ್ಟು ಗಂಟೆಗೆ ಅಂತ ಕೇಳ್ತಾ ಉಂಟು," ಎಂದ ಹೊನ್ನಯ್ಯ, ಅಳುದನಿಯಲ್ಲಿ.