ಮಾವನವರ ಹುಟ್ಟುಹಬ್ಬ, ಷಡ್ಡಕರ ಸಮುದ್ರ

ಶಿವನು ಗೃಹಸ್ಥನಿಗೆ ಒಡ್ಡುವ ಪರೀಕ್ಷೆಗಳಲ್ಲಿ ಷಡ್ಡಕನಷ್ಟು ಕಠಿಣವಾದದ್ದು ಇನ್ನೊಂದಿಲ್ಲ. ಇಬ್ಬರು ಅಳಿಯಂದಿರಿರುವ ಮನೆಯಲ್ಲಿ ಇಂಥ ಪರೀಕ್ಷೆಗಳಿಗೆ ಬರವಿರುವುದಿಲ್ಲ.

ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಸವದತ್ತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ನಾನು ಕಟಕೋಳದಲ್ಲಿ ಹೊಲ ಮಾಡಿಕೊಂಡಿರುವವನು. ಬೈಲಹೊಂಗಲದ ಮಾವನವರು ಸವದತ್ತಿಗೆ ಹೋದರೆ ವಾರಗಟ್ಟಲೆ ಉಳಿಯುವರು. ನಮ್ಮಲ್ಲಿಗೆ ಬಂದರೆ ಉಂಡು ಕೈ ತೊಳೆದವರೇ ಬಸ್ಸಿನ ಹೊತ್ತು ಕೇಳುವರು. ಒಂದು ರಾತ್ರಿಯಾದರೂ ಅವರು ನಮ್ಮ ಮನೆಯಲ್ಲಿ ಉಳಿಯಲಿ ಎಂಬುದೇ ನನ್ನ ಆಸೆಯಾಗಿತ್ತು.

ಹುಟ್ಟಿದ ದಿನ

ಊರಿಗೆ ಮೊಬೈಲು ಆಗ ತಾನೇ ಬಂದಿತ್ತು. ಷಡ್ಡಕರು ಫೋನು ಮಾಡಿದರು: "ಮಾವಾರಿಗೆ ಎಪ್ಪತ್ತೈದು ತುಂಬತಾವು. ಶನಿವಾರ, ರವಿವಾರ ಎಲ್ಲಾರೂ ಗೋಕರ್ಣಕ್ಕ ಹೋಗೂಣು. ಸಮುದ್ರದ ದಂಡಿಮ್ಯಾಲೆ ಹುಟ್ಟುಹಬ್ಬ!"

ಈ ವಿಚಾರ ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆಯೊಳಗೆ ಒಲೆ ಹೊತ್ತಿತು. ದಿನವೇ ತಪ್ಪೆಂದಾದರೆ ಹಬ್ಬ ನಿಂತೀತೆಂದು ಬೈಲಹೊಂಗಲಕ್ಕೆ ಹೋಗಿ ಅತ್ತೆಯವರನ್ನು ಕೇಳಿದೆ: "ಮಾವಾರು ಖರೇ ಹುಟ್ಟಿದ್ದು ಯಾವಾಗ್ರಿ?"

"ಹೊಲದಾಗ ಸೀತನಿ ಸುಡೂ ದಿನದಾಗಂತ ನಮ್ಮತ್ತಿ ಹೇಳತಿದ್ದರು."

ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡುವುದು ಚಳಿಗಾಲದಲ್ಲಿ. ಸಾಲಿ ಮಾಸ್ತರರು ಮಾತ್ರ ಎಲ್ಲ ಹುಡುಗರಿಗೂ ಬರೆದಂತೆ ಜೂನ್ ಒಂದು ಎಂದು ಬರೆದುಬಿಟ್ಟಿದ್ದರು. ನಾನು ಇದನ್ನು ಎತ್ತಿದೊಡನೆ ಮಾವನವರು ಸಿಡುಕಿದರು: "ನಾ ಹುಟ್ಟಿದಾಗ ನೀವು ಇದ್ರೇನು? ಮಾಸ್ತರ್ ಬರದದ್ದ ಖರೆ!"

ಅತ್ತೆಯವರು ಒಳಗಿನಿಂದ, "ಮಾಸ್ತರರಾದ್ರೂ ಇದ್ದರೇನು?" ಎಂದರು.

ಮೊಸರಿನ ಗಡಿಗೆ

ಷಡ್ಡಕರು ಟ್ರ್ಯಾಕ್ಸ್ ಗಾಡಿ ಬಾಡಿಗೆಗೆ ತಂದರು. ಮುಂದೆ ಮಾವನವರು, ಅವರಿಗೆ ಅಂಟಿಕೊಂಡು ಷಡ್ಡಕರು. ನಾನು ಹಿಂದೆ, ತೊಡೆಯ ಮೇಲೆ ರೊಟ್ಟಿಯ ಗಂಟು, ಅದರ ಮೇಲೆ ಮೊಸರಿನ ಗಡಿಗೆ. ಘಟ್ಟದ ತಿರುವಿನಲ್ಲಿ ಗಡಿಗೆ ಮಗುಚಿ ನನ್ನ ಧೋತರವೆಲ್ಲ ಮೊಸರಾಯಿತು.

"ಅಯ್ಯ ಶಿವನ!" ಎಂದು ಹೆಂಡತಿ ಚೀರಿದಳು. ಪಾಪ, ಗಂಡನ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ.

"ಮುಂಜಾನಿಂದ ಒಂದು ಚಮಚಾ ಮುಟ್ಟಿರಲಿಲ್ಲರಿ, ಅಂಥಾ ಗಟ್ಟಿ ಮೊಸರು!" ಎಂದಳು.

ಮೇಣದಬತ್ತಿ

ಸಂಜೆ ವಸತಿಗೃಹದ ಪಡಸಾಲೆಯಲ್ಲಿ, ಸಮುದ್ರಕ್ಕೆ ಎದುರಾಗಿ, ಷಡ್ಡಕರು ಕೇಕು ಇಟ್ಟು ಮೇಣದಬತ್ತಿ ಹಚ್ಚಿದರು. ಇದೇ ಸಮಯವೆಂದು ನಾನು ವಿಭೂತಿ ಸರಿಪಡಿಸಿಕೊಂಡು ಹೇಳಿದೆ: "ಶುಭದಿನ ಹಚ್ಚಿದ ದೀಪ ಬಾಯಿಲೆ ಆರಸಬಾರದ್ರಿ ಮಾವಾರ."

ಮಾವನವರು ಉಬ್ಬಿಸಿದ ಗಲ್ಲ ಇಳಿಸಿದರು. "ಅದೂ ಖರೇನ," ಎಂದರು. ನಾನು ಗೆದ್ದೆನೆಂದುಕೊಂಡೆ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಭರ್ರೆಂದು ಗಾಳಿ ನುಗ್ಗಿ ಬತ್ತಿ ಆರಿತು. ಷಡ್ಡಕರು ಕೈ ಮುಗಿದು, "ನೋಡ್ರಿ ಮಾವಾರ, ವಾಯುದೇವರ ಬಂದು ಆರಿಸಿದರು!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು, ದೇವರ ಹೆಸರು ಬಂದಿತ್ತಲ್ಲ.

ಬಿರುಗಾಳಿ

ಗಾಳಿಯ ಹಿಂದೆಯೇ ಕರೀ ಮೋಡ, ಗುಡುಗು, ಮಳೆ. ಷಡ್ಡಕರ ಕಾರ್ಯಕ್ರಮ ತೊಳೆದುಹೋಯಿತೆಂದು ನನಗೆ ಒಳಗೊಳಗೇ ಸಮಾಧಾನ. ಆದರೆ ಮಾವನವರು ಕುರ್ಚಿಯಿಂದ ಏಳಲೊಲ್ಲರು.

"ಅಬಬಬಾ, ತೆರಿ ನೋಡ್ರಿ! ಹಗ್ಗ ಹರಕೊಂಡ ಹೋರಿಯಂಗ ಬರಾಕ ಹತ್ತ್ಯಾವು. ಆದ್ರ ನೀರಿನ ಮ್ಯಾಲೆ ನೀರು ಬಿದ್ದು ಏನುಪಯೋಗ? ಇದರಾಗ ಅರ್ಧ ಬೈಲಹೊಂಗಲಕ್ಕ ಕಳಸಬಾರದ? ಇರಲಿ, ಭೇಷ್ ಅಳಿಯಾರ, ಇಂಥಾದ್ದು ಯಾರು ತೋರಸ್ತಾರು!"

ಷಡ್ಡಕರು ಮಳೆಯನ್ನು ತಾವೇ ಹೇಳಿ ತರಿಸಿದವರಂತೆ ತಲೆ ಬಾಗಿಸಿದರು.

ನಾನು ಹೆಂಡತಿಗೆ ಪಿಸುಗುಟ್ಟಿದೆ: "ಮಳಿ ಕೊಟ್ಟಾಂವ ಶಿವ. ಇವರಿಗ್ಯಾಕ ಭೇಷ್?"

"ಮಳಿ ಶಿವಂದ ಖರೆ. ಕುರ್ಚಿ ಹಾಕಿಸಿದವರು ಅವರು. ನೀವು ಸುಮ್ಮಕುಂದರ್ರಿ."

ಮರಳಿ ಬರುವಾಗ

ರವಿವಾರ ದಾರಿಯಲ್ಲಿ ಚಹಾಕ್ಕೆ ನಿಂತಾಗ ಮಾವನವರು ನನ್ನನ್ನು ಮೆಲ್ಲಗೆ ಮರದ ಮರೆಗೆ ಕರೆದರು. ಕಣ್ಣು ಕೆಂಪಾಗಿದ್ದವು.

"ಬರೂ ವರ್ಷ ನನ್ನ ಹುಟ್ಟುಹಬ್ಬಕ್ಕ ನಿಮ್ಮ ಕಟಕೋಳಕ್ಕ ಬರತೇನಿ. ನಾಕು ದಿನ ಇದ್ದ ಹೋಗತೇನಿ."

ನಾನು ಎರಡೂ ಕೈ ಮುಗಿದೆ. "ನಮ್ಮ ಪುಣ್ಯಾರಿ! ಆದ್ರ ಒಮ್ಮಿಂದೊಮ್ಮೆಲೆ ಯಾಕ್ರಿ ಮಾವಾರ?"

"ರಾತ್ರಿಯೆಲ್ಲಾ ಆ ಸಮುದ್ರ ಕಣ್ಣು ಮುಚ್ಚಗೊಡಲಿಲ್ಲ. ನಿಮ್ಮ ಕಡೆ ನೋಡೂ ಅಂಥಾದ್ದು ಏನೂ ಇಲ್ಲ ನೋಡ್ರಿ. ಆರಾಮ ನಿದ್ದಿ ಹತ್ತತೈತಿ."

ಗಾಡಿ ಹತ್ತುವಾಗ ಷಡ್ಡಕರು ತಡೆಯಲಾರದೆ ಕೇಳಿದರು: "ಏನಂದರು ಮಾವಾರು?"

"ಬರೂ ವರ್ಷ ನಮ್ಮಲ್ಲೇ ನಾಕು ದಿನ ಇರತಾರಂತರಿ."

ಅವರ ಮುಖ ಕಪ್ಪಿಟ್ಟಿತು. "ನಮ್ಮಲ್ಲಿ ಏನು ಕಡಿಮಿ ಆತಂತ?"

"ಕಡಿಮಿ ಏನಿಲ್ಲರಿ ಅಣ್ಣಾರ," ಎಂದೆ. "ನಮ್ಮಲ್ಲಿ ಸಿಗೂದು ನಿಮ್ಮ ಸಮುದ್ರದಾಗ ಸಿಗಲಿಲ್ಲಂತ."

ಶಿವಸಾಕ್ಷಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಏನದು ಎಂದು ಅವರು ಕೇಳಲಿಲ್ಲ, ನಿದ್ದೆ ಎಂದು ನಾನೂ ಹೇಳಲಿಲ್ಲ.