ಬೇಲೂರು ಬಸ್ಸಿನಲ್ಲಿ ಭಾವನ ಸಂಸಾರ

ನಮ್ಮ ಭಾವನಷ್ಟು ಒಳ್ಳೆಯ ಗಂಡ ಹಾಸನ ಜಿಲ್ಲೆಯಲ್ಲೇ ಇಲ್ಲವೆಂದು ನಾನು ಎದೆ ತಟ್ಟಿ ಹೇಳಬಲ್ಲೆ. ಮದುವೆಯಾದಾಗಿನಿಂದ ಮನೆಯೊಳಗೆ ಒಂದು ದಿನವೂ ನಮ್ಮಕ್ಕನ ಮೇಲೆ ದನಿ ಏರಿಸಿದವರಲ್ಲ! ಏರಿಸುತ್ತಿದ್ದುದೆಲ್ಲ ಬಸ್ಸಿನಲ್ಲಿ.

ನಗಬೇಡಿ. ಅದಕ್ಕೊಂದು ಸಿದ್ಧಾಂತವೇ ಇತ್ತು. "ಮನೆ ಅನ್ನೋದು ಅನ್ನ ಉಣ್ಣೋ ಜಾಗ ಕಣಯ್ಯ," ಎನ್ನುತ್ತಿದ್ದರು. "ಅಲ್ಲಿ ಕೂಗಾಡಿದ್ರೆ ಗೋಡೆ ಕೇಳಿಸ್ಕಂಡು ಒಳಗೇ ಮಡಿಕ್ಕತ್ತವೆ. ಬಸ್ಸಲ್ಲಾದ್ರೆ ಕಿಟಕೀಲಿ ಆಚೆ ಹೋಯ್ತದೆ!"

ಹಾಗಾಗಿ ಬಸ್ತಿಹಳ್ಳಿಯ ಅವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಭಾವ ತುಟಿಪಿಟಿಕ್ಕೆನ್ನದೆ ಉಂಡು, ಕೈತೊಳೆದು, ಹೆಗಲಿಗೆ ಟವೆಲ್ ಹಾಕಿಕೊಳ್ಳುತ್ತಿದ್ದರು. ಅಕ್ಕ ಸೀರೆ ಬದಲಾಯಿಸಿ ಬರುತ್ತಿದ್ದಳು. ಇಬ್ಬರೂ ನವದಂಪತಿಗಳಂತೆ ನಡೆದು ಹಳೇಬೀಡಿನ ಬಸ್ ಸ್ಟ್ಯಾಂಡ್ ಸೇರಿ ಬೇಲೂರು ಬಸ್ಸು ಹತ್ತುವರು. ಕಂಡಕ್ಟರ್ ಸೀಟಿ ಊದಿದ್ದೇ ತಡ, ಕುರುಕ್ಷೇತ್ರ! ಬೇಲೂರಿನಲ್ಲಿ ಇಳಿದ ಮೇಲೆ ಆ ವಿಷಯ ಎತ್ತುವಂತಿಲ್ಲ. ಕಾಫಿ ಕುಡಿದು, ಹೂ ಮುಡಿದು, ಮುಂದಿನ ಬಸ್ಸಿಗೆ ವಾಪಸ್.

ಒಮ್ಮೆ ನಾನೂ ಜೊತೆಗಿದ್ದೆ. ಜಗಳ ಉತ್ತುಂಗದಲ್ಲಿದ್ದಾಗ, ದೇವಸ್ಥಾನ ನೋಡಲು ಬಂದಿದ್ದ ಬಿಳಿಯನೊಬ್ಬ ಕ್ಯಾಮೆರಾ ಎತ್ತಿದ. ಭಾವ ತಕ್ಷಣ ಟವೆಲ್ ಸರಿಮಾಡಿಕೊಂಡು, "ನಗೇ, ಫೋಟೊ ತೆಗೀತಾವ್ನೆ," ಎಂದರು. ಅಕ್ಕ ಸೆರಗು ಹೊದ್ದು ಮುಗುಳ್ನಕ್ಕಳು. ಕ್ಲಿಕ್! ಮರುಕ್ಷಣವೇ ಭಾವ, "ಹೂಂ, ಎಲ್ಲಿಗೆ ನಿಲ್ಸಿದ್ದೆ?"

"ನಿಮ್ಮ ತಂಗಿ ತಂಟೆಕೋರಿ ಅನ್ನೋದ್ರ ಹತ್ರಕ್ಕೆ!"

ಇಂಥ ಉಪಾಯ ಕಂಡು ಸುಮ್ಮನಿರಲು ನಾನೇನು ದಡ್ಡನೇ? ಅರಸೀಕೆರೆಯ ಸಂತೆಯಲ್ಲಿ ಬುಟ್ಟಿ ತೆಂಗಿನಕಾಯಿ ಮಾರಿ ಶುರುಮಾಡಿ ಸ್ವಂತ ಮಂಡಿ ಇಟ್ಟವನು ನಾನು. ಒಳ್ಳೆಯ ಮಾಲು ಎಲ್ಲಿ ಕಂಡರೂ ಎತ್ತಿಕೊಳ್ಳುವವನು. ನನ್ನ ಹೆಂಡತಿಯನ್ನೂ ಬಾಣಾವರದ ಬಸ್ಸು ಹತ್ತಿಸಿದೆ. ಊರು ದಾಟುವ ಮೊದಲೇ ಇಡೀ ಬಸ್ಸು ಅವಳ ಪಕ್ಷ ಸೇರಿತು! ಡ್ರೈವರ್ ಕೂಡ ಹಿಂತಿರುಗಿ, "ತಪ್ಪು ನಿಮ್ದೇ ಸಾರ್," ಎಂದ. ಟಿಕೆಟ್ ತೆಗೆದುಕೊಂಡು ಹೋಗಿ ಸೋತು ಬಂದ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ. ಆದ್ದರಿಂದ ಓದುಗರಿಗೆ ನನ್ನ ಸಲಹೆ: ಗೆಲ್ಲಬೇಕೆಂದಿದ್ದರೆ ಖಾಲಿ ಬಸ್ಸು ನೋಡಿ ಹತ್ತಿ.

ಹೀಗಿರುವಾಗ ಒಂದು ವರ್ಷ ಅಕ್ಕ ಜಗಳವಾಡುವುದನ್ನೇ ನಿಲ್ಲಿಸಿಬಿಟ್ಟಳು.

ಜಗಳ ಮಾತ್ರವಲ್ಲ, ಮಾತನ್ನೇ. ಏನು ಕೇಳಿದರೂ "ಹೂಂ". ಒಲೆಯ ಮುಂದೆ ಕೂತರೆ ಹಾಲು ಉಕ್ಕಿ ಹರಿದರೂ ಗಮನವಿಲ್ಲ. ಕಾರಣ ಹುಡುಕಿದರೆ ಕಾರಣವೇ ಇಲ್ಲ; ಮಕ್ಕಳು ಚೆನ್ನಾಗಿದ್ದರು, ಹೊಲ ಚೆನ್ನಾಗಿತ್ತು. ಅಲ್ಲಾಡಿಸಿದರೂ ಸದ್ದು ಬಾರದ ಕಾಯಿ ಕಂಡರೆ ನಮ್ಮಂಥ ವ್ಯಾಪಾರಿಗಳಿಗೆ ಒಳಗೇನೋ ಕೆಟ್ಟಿದೆಯೆಂದು ಗೊತ್ತಾಗಿಬಿಡುತ್ತದೆ.

ಭಾವ ಮಾಡದ ತಂಟೆಯಿಲ್ಲ. ಕೆಸರುಗಾಲಲ್ಲಿ ಅಡುಗೆಮನೆ ಹೊಕ್ಕರು. ಎಮ್ಮೆಯನ್ನು ತಂದು ಪಡಸಾಲೆಯಲ್ಲಿ ಕಟ್ಟಿದರು! ಕೊನೆಗೆ, "ಸಾರು ಅಂದ್ರೆ ನನ್ನ ತಂಗಿ ಮಾಡೋ ಸಾರು," ಎಂಬ ಬ್ರಹ್ಮಾಸ್ತ್ರವನ್ನೂ ಬಿಟ್ಟರು. ಅಕ್ಕ, "ಹೂಂ," ಎಂದಳು. ಭಾವ ತಟ್ಟೆ ಬಿಟ್ಟು ಎದ್ದರಂತೆ.

ಕೆಲವು ದಿನಗಳಲ್ಲೇ ಅರಸೀಕೆರೆಯವರೆಗೂ ಸುದ್ದಿ ಬಂತು: ಭಾವನಿಗೆ ತಲೆ ಕೆಟ್ಟಿದೆ! ಸುದ್ದಿ ಹಬ್ಬಿಸಿದವರು ಯಾರೆಂದುಕೊಂಡಿರಿ? ಸ್ವತಃ ಭಾವ! ಬಸ್ಸಿನಲ್ಲಿ ನಿಂತು, "ನಂಗೆ ತಲೆ ಕೆಟ್ಟೈತೆ ಕಣ್ರಪ್ಪಾ, ಹಾಸನಕ್ಕೆ ಹುಚ್ಚಿನ ಡಾಕ್ಟ್ರ ತಾವ ಹೊಂಟಿವ್ನಿ. ಇವ್ಳು ಜೊತೇಗೆ ಬತ್ತಾವ್ಳೆ," ಎಂದು ಸಾರಿದರಂತೆ. ಯಾರಾದರೂ ಅನುಮಾನಪಟ್ಟರೇ? ಜಗಳಕ್ಕೆ ಟಿಕೆಟ್ ತೆಗೆಯುವ ಮನುಷ್ಯನಿಗೆ ತಲೆ ಕೆಡದೆ ಮತ್ತೇನು ಕೆಟ್ಟೀತು!

ನಾನು ಸಲಹೆಗಳ ಮೂಟೆ ಹೊತ್ತು ಓಡಿದೆ. ಅವರ ಜೊತೆಯಲ್ಲೇ ಹಾಸನಕ್ಕೂ ಹೋದೆ. "ಪೇಷೆಂಟ್ ಯಾರು?" ಎಂದು ನರ್ಸ್ ಕರೆದಾಗ ಭಾವ ಕೈಯೆತ್ತಿ, ಅಕ್ಕನನ್ನು ಕರೆದುಕೊಂಡು ಒಳಹೊಕ್ಕರು. ಪರದೆಯ ಈಚೆ ಕೂತಿದ್ದ ನನಗೆ ಡಾಕ್ಟರ ದನಿ ಕೇಳಿಸಿತು: "ಈ ಸಲ ನಿದ್ದೆ ಬಂತೇನಮ್ಮ? ಮಾತ್ರೆ ತಪ್ಪಿಸಿಲ್ಲ ತಾನೇ?"

ಅಮ್ಮ?

ಭಾವ ಆಚೆ ಬಂದಾಗ ನಾನು ಅವರ ಮುಖವನ್ನೇ ನೋಡಿದೆ. ಅವರು ಪಿಸುದನಿಯಲ್ಲಿ, "ನಿಮ್ಮಕ್ಕಂಗೆ ಕಾಯ್ಲೆ ಅಂದ್ರೆ ಊರು ಸುಮ್ಕಿರ್ತದಾ? ಅವ್ಳು ನೀರಿಗೋದ್ರೂ ಹಿಂದೆ ಆಡ್ಕತ್ತಾರೆ. ನಂಗಾದ್ರೆ ಏನು ಲುಕ್ಸಾನು ಹೇಳು? ಮೊದ್ಲಿಂದ್ಲೂ ಅಂತಾನೇ ಅವ್ರೆ," ಎಂದರು. ನಾನು ಸಲಹೆಗಳ ಮೂಟೆಯನ್ನು ಅಲ್ಲೇ ಇಳಿಸಿ, ಅವರ ಕೈಯ ಚೀಟಿ ತೆಗೆದುಕೊಂಡು ಮಾತ್ರೆ ತರಲು ಹೋದೆ.

ವಾಪಸ್ ಬರುವಾಗ ಹಳೇಬೀಡಿನ ಬಸ್ಸು ತುಂಬಿತ್ತು. ಹಿಂದಿನ ಸೀಟಿನಿಂದ ಯಾರೋ ಪರಿಚಯದವರು, "ಏನ್ ಯಜಮಾನ್ರೇ, ತಲೆ ರಿಪೇರಿ ಆಯ್ತಾ?" ಎಂದರು. ಬಸ್ಸೆಲ್ಲ ಗೊಳ್ಳೆಂದಿತು. ಭಾವನೂ ನಕ್ಕು, "ಇನ್ನೊಂದ್ ನಟ್ಟು ಸಡ್ಲ ಐತೆ ಕಣಪ್ಪಾ," ಎಂದರು.

ಅಕ್ಕ ಎದ್ದು ನಿಂತಳು.

"ಯಾರ್ರೀ ಅದು ನಗೋರು? ನನ್ನ ಗಂಡನ ತಲೆ ನಿಮ್ಮೆಲ್ರ ತಲೆಗಿಂತ ನೆಟ್ಟಗೈತೆ! ಮಾತ್ರೆ ನುಂಗೋಳು ನಾನು. ನಾನು! ಏನೀಗ?"

ಭಾವ ಗಾಬರಿಯಿಂದ ಅವಳ ಕೈಹಿಡಿದು, "ಯಾಕ್ ಹೇಳಕ್ ಹೋದೆ, ಕೂತ್ಕಳೇ," ಎಂದರು.

"ನೀವು ಬಾಯ್ಮುಚ್ಚಿ! ಊರೋರೆಲ್ಲ ಹುಚ್ಚ ಅಂದ್ರೆ ಹಲ್ಲು ಕಿರೀತಾ ಕೂರ್ತೀರಲ್ಲ, ಮಾನ ಇಲ್ವಾ ನಿಮ್ಗೆ? ಎಮ್ಮೆ ತಂದು ಪಡಸಾಲೇಲಿ ಕಟ್ತೀರಾ, ಎಮ್ಮೆ! ಸಗಣಿ ಬಾಚ್ದೋರು ಯಾರು?"

ಆ ವರ್ಷದ ಬಾಕಿಯೆಲ್ಲ ಹೊರಬರತೊಡಗಿತು. ಹಳೇಬೀಡು ಬಂದರೂ ನಿಲ್ಲಲಿಲ್ಲ. ಬಸ್ತಿಹಳ್ಳಿಯ ದಾರಿಯಲ್ಲಿ ಅಕ್ಕ ಕೈಬೀಸಿಕೊಂಡು ಬೈಯುತ್ತ ಮುಂದೆ ಹೊರಟಿದ್ದಳು, ಭಾವ ಚೀಲ ಹಿಡಿದು ಅವಳ ಹಿಂದೆ, ನಾನು ಅವರ ಹಿಂದೆ. ಕೆರೆ ಏರಿಯ ಬಳಿ ಅಕ್ಕ ದಣಿದು ನಿಂತಳು. ಭಾವ ಟವೆಲಿನಿಂದ ಕಣ್ಣೊರೆಸಿಕೊಂಡು ಅಂದರು:

"ಸುಧಾರಿಸ್ಕಳೇ. ಸುಧಾರಿಸ್ಕಂಡು ಇನ್ನೊಂದ್ ಸ್ವಲ್ಪ ಬೈಯೇ."